ಹನ್ನೊಂದು ಅಮ್ಮಂದಿರು, ನಾಲ್ಕು ಪ್ರತಿ

ನಮ್ಮ ಓದುವ ಗುಂಪು ಶುರುವಾಗಿದ್ದು ಒಂದು ಕಲ್ಲುಬೆಂಚಿನ ಮೇಲೆ. ಮೈಸೂರಿನ ಕುವೆಂಪುನಗರದಲ್ಲಿ ಮಕ್ಕಳನ್ನು ಸಂಗೀತದ ಕ್ಲಾಸಿಗೆ ಬಿಟ್ಟು, ಮುಗಿಯುವವರೆಗೆ ನಾವು ಕಾಯುತ್ತಿದ್ದ ಜಾಗ ಅದು. 2022ರ ಜೂನ್. ಕ್ಲಾಸು ಒಂದು ಗಂಟೆ. ಮನೆಗೆ ಹೋಗಿ ಅಕ್ಕಿ ತೊಳೆದಿಡುವಷ್ಟರಲ್ಲಿ ಮತ್ತೆ ಹೊರಡಬೇಕು. ಹಾಗಾಗಿ ಯಾರೂ ಹೋಗುತ್ತಿರಲಿಲ್ಲ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮಗುವಿನ ಹೆಸರು ಹೇಳಿ, ಕೊನೆಗೆ ‘ಅಮ್ಮ’ ಅಂತ ಸೇರಿಸುತ್ತಿದ್ದೆವು. ಫೋನಿನಲ್ಲೂ ಹಾಗೇ ಸೇವ್ ಆಗಿತ್ತು.

ಒಂದು ಸಂಜೆ ನನ್ನ ಪಕ್ಕ ಕೂತವರ ಬ್ಯಾಗಿನಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಂಡಿತು. ಲೈಬ್ರರಿಯ ಪ್ರತಿ. ಬೆನ್ನು ಕಿತ್ತು ಬಂದು ಅಂಟು ಹಾಕಿದ್ದು. ನಾನು ಪ್ರೇಮಾ ಕಾರಂತರ ಸಿನಿಮಾ ನೋಡಿದ್ದೆ, ಪುಸ್ತಕ ಓದಿರಲಿಲ್ಲ. "ನಾಳಿದ್ದು ಮುಗಿಸಿ ಕೊಡ್ತೀನಿ ಬಿಡಿ" ಅಂದರು. ಕೊಟ್ಟರು. ನಾನು ಓದಿ ಇನ್ನೊಬ್ಬರಿಗೆ ಕೊಟ್ಟೆ. ಆ ಒಂದೇ ಪ್ರತಿ, ಎರಡು ಸಲ ನವೀಕರಣವಾಗಿ, ಬೆಂಚಿನ ಮೇಲಿದ್ದ ಆರು ಜನರ ಕೈ ದಾಟಿತು.

ಅದರಲ್ಲಿ ಒಂದು ಭಾಗ ಇದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಬದುಕಿದ ಫಣಿಯಮ್ಮ ಒಂದು ರಾತ್ರಿ, ಊರು ಮುಟ್ಟಿಸಿಕೊಳ್ಳದ ಮನೆಯ ಹೆಣ್ಣಿಗೆ ಹೆರಿಗೆ ಮಾಡಿಸಲು ಹೋಗುತ್ತಾಳೆ. ಆ ಪುಟಗಳ ಬಗ್ಗೆ ಮಾತಾಡುತ್ತಾ ನಾವು ಆರೂ ಜನ ನಮ್ಮ ನಮ್ಮ ಹೆರಿಗೆಯ ಕತೆ ಹೇಳಿಕೊಂಡೆವು. ಕ್ಲಾಸು ಬಿಟ್ಟು ಮಕ್ಕಳು ಬಂದು ಸೆರಗು, ದುಪಟ್ಟ ಎಳೆಯುತ್ತಿದ್ದರೂ ಯಾರೂ ಏಳಲಿಲ್ಲ. ಇಂದಿರಾ ಅವರು ಬರೆಯಲು ಶುರು ಮಾಡಿದ್ದೇ 45ರ ಹತ್ತಿರ ಅಂತ ಒಬ್ಬರು ಹೇಳಿದಾಗ, ಬೆಂಚಿನ ಕೊನೆಯಲ್ಲಿದ್ದವರು ತಮ್ಮ ವಯಸ್ಸು ಲೆಕ್ಕ ಹಾಕಿ "ಹಾಗಾದ್ರೆ ನಂಗಿನ್ನೂ ಆರು ವರ್ಷ ಇದೆ" ಅಂದರು. ಅವರು ಈಗ ದಿನಾ ಬೆಳಿಗ್ಗೆ ಒಂದು ಪುಟ ಬರೆಯುತ್ತಾರೆ.

ಮೊದಲನೇ ಪುಸ್ತಕ ತಾನಾಗಿ ಬಂತು. ಎರಡನೆಯದನ್ನು ನಾವು ಆರಿಸಬೇಕಾಯಿತು. ಆರಿಸುವುದು ಎಷ್ಟು ಕಷ್ಟ ಅಂತ ಆಮೇಲೆ ಮೂರೂವರೆ ವರ್ಷ ಕಲಿಯುತ್ತಾ ಬಂದೆವು.

ಶುರುವಿನಲ್ಲಿ ಕೈ ಎತ್ತಿಸುತ್ತಿದ್ದೆವು. ಯಾರು ಬೇಕಾದರೂ ಹೆಸರು ಹೇಳಬಹುದು, ಜಾಸ್ತಿ ಕೈ ಎದ್ದದ್ದು ಆ ತಿಂಗಳ ಪುಸ್ತಕ. ಆಮೇಲೆ ವಾಟ್ಸಾಪಿನಲ್ಲಿ ವೋಟು ಹಾಕುವ ಸೌಲಭ್ಯ ಬಂತು, ಅದಕ್ಕೆ ಬದಲಾದೆವು. ಸುಲಭ ಅನ್ನಿಸಿತ್ತು. 2023ರ ಫೆಬ್ರವರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಗೆದ್ದಿತು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಮೇಡಂ ಹೇಳಿದ ಹೆಸರು ಅದು. ಬೇಡ ಅನ್ನಲು ಯಾರಿಗೂ ಮನಸ್ಸಾಗಲಿಲ್ಲ. 1967ರಲ್ಲಿ ಬಂದ ಕಾದಂಬರಿ, ಹತ್ತಿರ ಹತ್ತಿರ ಏಳುನೂರು ಪುಟ. ಫೆಬ್ರವರಿ ಅಂದರೆ 28 ದಿನ. ಮಕ್ಕಳಿಗೆ ವಾರ್ಷಿಕ ಪರೀಕ್ಷೆಯ ತಯಾರಿ. ಒಬ್ಬರ ಮಗಳು ಎಸ್ಸೆಸ್ಸೆಲ್ಸಿ. ತಿಂಗಳ ಕೊನೆಗೆ ಸೇರಿದಾಗ ಮುಗಿಸಿದ್ದವರು ಮೂರೇ ಜನ. ಉಳಿದವರು ತಲೆ ತಗ್ಗಿಸಿ ಕೂತಿದ್ದರು. ಓದಲು ಸೇರಿದ ಜಾಗದಲ್ಲಿ ಹೋಂವರ್ಕ್ ಮಾಡದ ಮಕ್ಕಳ ಹಾಗೆ ಕೂರುವುದು ನೋಡಿ ನನಗೆ ತುಂಬಾ ಬೇಜಾರಾಯಿತು.

ಆ ಕಾದಂಬರಿಯನ್ನು ನಾವು ಬಿಡಲಿಲ್ಲ. ಏಪ್ರಿಲ್, ಮೇ ಎರಡೂ ತಿಂಗಳು ಕೊಟ್ಟೆವು. ರಜೆಯಲ್ಲಿ ಎಲ್ಲರೂ ತವರಿಗೆ ಹೋಗುತ್ತಾರೆ. ತವರಿನಲ್ಲಿ ಕಾಫಿ ಕೈಗೆ ಬರುತ್ತದೆ, ಮಕ್ಕಳು ಅಜ್ಜಿಯ ಹಿಂದೆ ಇರುತ್ತಾರೆ, ಮಧ್ಯಾಹ್ನ ಕಾಲು ಚಾಚಿ ಓದಬಹುದು. ತೀರ್ಥಹಳ್ಳಿ ಕಡೆಯವರೊಬ್ಬರು ಅಲ್ಲಿಂದಲೇ ಮಳೆಗಾಲದ ಮುಂಚಿನ ಕಾಡಿನ ಫೋಟೋ ಕಳಿಸಿದರು. "ಗುತ್ತಿ, ಹುಲಿಯ ಇಂಥಾ ದಾರೀಲೇ ನಡೆದಿರಬೇಕು" ಅಂತ ಬರೆದಿದ್ದರು. ಜೂನ್‌ನಲ್ಲಿ ಸೇರಿದಾಗ ಒಂಬತ್ತು ಜನ ಮುಗಿಸಿದ್ದರು. ಅಲ್ಲಿಂದ ಬೇಸಿಗೆ ರಜೆ ಅಂದರೆ ನಮಗೆ ದೊಡ್ಡ ಪುಸ್ತಕದ ಕಾಲ.

ಹೀಗೆ ಪುಸ್ತಕ ನೋಡುವ ಮುಂಚೆ ಕ್ಯಾಲೆಂಡರ್ ನೋಡುವ ಅಭ್ಯಾಸ ಬಂತು. ಮಾರ್ಚಿಗೆ ಸಣ್ಣ ಕತೆಗಳು, ಒಂದು ಕತೆ ಓದಿದ್ದರೂ ಬಂದು ಮಾತಾಡಬಹುದು. ಜೂನ್‌ನಲ್ಲಿ ಯೂನಿಫಾರ್ಮು, ಪುಸ್ತಕಕ್ಕೆ ಬೈಂಡು, ಬೆಳಿಗ್ಗೆ ಡಬ್ಬಿ ಕಟ್ಟುವ ಗಡಿಬಿಡಿ. ಆಗ ತೆಳ್ಳಗಿನದು ಬೇಕು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನಾವು ಓದಿದ್ದು ಒಂದು ಜೂನ್‌ನಲ್ಲೇ. ಶ್ರಾವಣ, ಭಾದ್ರಪದದಲ್ಲಿ ವರಮಹಾಲಕ್ಷ್ಮಿ, ಗೌರಿ, ಗಣೇಶ ಸಾಲಾಗಿ ಬರುತ್ತವೆ. ದಸರೆಗೆ ಮೈಸೂರಿನ ಯಾವ ಮನೆಯಲ್ಲೂ ನೆಂಟರಿಲ್ಲದೆ ಇರುವುದಿಲ್ಲ. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಸಿಗುತ್ತದೆ, ಮುಂದಿನ ಮೂರು ನಾಲ್ಕು ತಿಂಗಳಿಗೆ ಆಗಲೇ ಕೊಂಡುಕೊಳ್ಳುತ್ತೇವೆ.

ದುಡ್ಡಿನ ಲೆಕ್ಕವೂ ಹೇಳುತ್ತೇನೆ, ಇಂಥ ಗುಂಪು ಮಾಡಬೇಕು ಅನ್ನುವವರು ಮೊದಲು ಕೇಳುವುದೇ ಅದನ್ನು. ನಾವು ಈಗ ಹನ್ನೊಂದು ಜನ. ಹನ್ನೊಂದು ಪ್ರತಿ ಕೊಳ್ಳುವುದಿಲ್ಲ. ನಾಲ್ಕು ಕೊಳ್ಳುತ್ತೇವೆ. ಒಂದು ಪ್ರತಿ ಮೂರು ಜನರಿಗೆ, ಒಬ್ಬೊಬ್ಬರಿಗೆ ಹತ್ತು ದಿನ. ತಲಾ 100 ರೂಪಾಯಿ ಹಾಕಿದರೆ 1,100 ಆಗುತ್ತದೆ. 200 ರೂಪಾಯಿಯ ಪುಸ್ತಕ ನಾಲ್ಕಕ್ಕೆ 800. ಉಳಿದದ್ದು ದೊಡ್ಡ ಪುಸ್ತಕದ ತಿಂಗಳಿಗೆ ಡಬ್ಬಿಯಲ್ಲಿರುತ್ತದೆ. ಓದಿ ಆದ ಮೇಲೆ ಒಂದು ಪ್ರತಿ ನಮ್ಮ ಪೆಟ್ಟಿಗೆಗೆ, ಮಿಕ್ಕವು ಅರ್ಧ ಬೆಲೆಗೆ ಬೇಕಾದವರಿಗೆ. ಪುಟದ ಮಿತಿ ಬಂದಿದ್ದೂ ಈ ಲೆಕ್ಕದಿಂದಲೇ. ಹತ್ತು ದಿನಕ್ಕೆ ದಿನಾ 20 ಪುಟ, ಅಂದರೆ 200. ಮಕ್ಕಳು ಮಲಗಿದ ಮೇಲೆ 20 ಪುಟ ಆಗುತ್ತದೆ. 40 ಆಗುವುದಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಎರಡು ತಿಂಗಳು.

ಲೈಬ್ರರಿಯನ್ನೂ ಬಿಟ್ಟಿಲ್ಲ. ಮನೆ ಕಂದಾಯ ಕಟ್ಟುವಾಗ ಗ್ರಂಥಾಲಯ ಕರ ಅಂತ ಶೇಕಡಾ 6 ಸೇರಿರುತ್ತದೆ, 1965ರ ಕಾಯ್ದೆಯಿಂದ ಬಂದದ್ದು. ದುಡ್ಡು ಕೊಟ್ಟೂ ಒಳಗೆ ಕಾಲಿಡದವರು ನಮ್ಮಲ್ಲೇ ಎಷ್ಟೊಂದು ಜನ ಇದ್ದರು. ಈಗ ಏಳು ಜನ ಸದಸ್ಯರು. ಅಂಗಡಿಯಲ್ಲಿ ಸಿಗದ ಹಳೆಯ ಕಾದಂಬರಿಗಳು ಅಲ್ಲಿ ಸಿಕ್ಕಿವೆ.

ಇನ್ನೊಂದು ತೊಡಕು ಇತ್ತು. ನಮ್ಮಲ್ಲೊಬ್ಬರು ಮುಂಬೈಯಲ್ಲಿ ಬೆಳೆದವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದುವಾಗ ಒತ್ತಕ್ಷರ ಬಂದರೆ ನಿಂತುಬಿಡುತ್ತಾರೆ. ಎರಡು ತಿಂಗಳು ಬಂದು ಸುಮ್ಮನೆ ಕೇಳಿಸಿಕೊಂಡು ಹೋದರು. ಮೂರನೇ ತಿಂಗಳು ಬರಲಿಲ್ಲ. ಕಾರಣ ಗೊತ್ತಾದಾಗ ಮೇಡಂ ಒಂದು ಕೆಲಸ ಮಾಡಿದರು. ದಿನಾ ರಾತ್ರಿ ಹದಿನೈದು ನಿಮಿಷ ಆ ತಿಂಗಳ ಪುಸ್ತಕ ಓದಿ, ಧ್ವನಿ ಮೆಸೇಜು ಕಳಿಸತೊಡಗಿದರು. ಅವರು ಪುಸ್ತಕ ತೆರೆದಿಟ್ಟುಕೊಂಡು ಅಕ್ಷರದ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. ಒಂದೂವರೆ ವರ್ಷವಾಯಿತು. ಈಗ ಮೆಸೇಜು ಬೇಡ ಅನ್ನುತ್ತಾರೆ, ಮೇಡಂ ಕಳಿಸುವುದು ನಿಲ್ಲಿಸಿಲ್ಲ. ಅಡುಗೆ ಮಾಡುತ್ತಾ ನಾವೆಲ್ಲ ಕೇಳುತ್ತೇವೆ. ಮೈಲ್ಯಾಂಗ್, ಸ್ಟೋರಿಟೆಲ್‌ನಂಥ ಆ್ಯಪ್‌ಗಳಲ್ಲಿ ಕನ್ನಡದ ಕೇಳುಪುಸ್ತಕಗಳು ಸಿಗುತ್ತವೆ. ಆದರೂ ಗೊತ್ತಿರುವವರ ದನಿಯಲ್ಲಿ ಕೇಳುವುದು ಬೇರೆ.

ಇದೆಲ್ಲ ಹೊಂದಿಸಿಕೊಳ್ಳಬಹುದಾದ ವಿಷಯ. ನನಗೆ ಮರೆಯಲಾಗದ ತಪ್ಪು ಬೇರೆ ಆಗಿತ್ತು. ಆ ಪುಸ್ತಕ ಸೂಚಿಸಿದವಳು ನಾನು.

2023ರ ಆಗಸ್ಟ್, ಸೆಪ್ಟೆಂಬರಿಗೆ ನಾನು ಭೈರಪ್ಪನವರ ‘ಗೃಹಭಂಗ’ ಹೇಳಿದ್ದೆ. ಕೆಲಸಕ್ಕೆ ಬಾರದ ಗಂಡನನ್ನು ಕಟ್ಟಿಕೊಂಡು, ಶಾನುಭೋಗಿಕೆಯ ಲೆಕ್ಕ ತಾನೇ ಬರೆದು, ಎಲೆ ಹಚ್ಚಿ ಮಾರಿ ಮನೆ ನಡೆಸುವ ನಂಜಮ್ಮ ನನಗೆ ಬಹಳ ಹತ್ತಿರದವಳು. ನಮ್ಮಜ್ಜಿಯಲ್ಲಿ ಅವಳನ್ನು ನೋಡಿದ್ದೇನೆ. ಎಲ್ಲರೂ ಒಪ್ಪಿದರು. ಅದರಲ್ಲಿ ಪ್ಲೇಗು ಬರುತ್ತದೆ. ಬೆಳೆದ ಮಗಳು, ಓದುವ ಮಗ, ಇಬ್ಬರೂ ಸಾಯುತ್ತಾರೆ. ಅಷ್ಟು ಸಲ ಓದಿದ್ದ ನನಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಗುಂಪಿನಲ್ಲಿ ಯಾರ ಮನೆಯಲ್ಲಿ ಏನಾಗಿದೆ ಅಂತ ಯೋಚಿಸಿರಲಿಲ್ಲ.

ನಮ್ಮಲ್ಲೊಬ್ಬರು ಆ ಎರಡೂ ತಿಂಗಳು ಬರಲಿಲ್ಲ. ಮೆಸೇಜಿಗೂ ಉತ್ತರ ಇಲ್ಲ. ಅಕ್ಟೋಬರಿನಲ್ಲಿ, ಗೊಂಬೆ ನೋಡಲು ಬಂದೆ ಅನ್ನುವ ನೆಪದಲ್ಲಿ ಅವರ ಮನೆಗೆ ಹೋದೆ. ಗೊಂಬೆ ಕೂರಿಸಿರಲಿಲ್ಲ. ಕಾಫಿ ಕೊಟ್ಟು ಎದುರಿಗೆ ಕೂತರು. ಅವರ ದೊಡ್ಡ ಮಗ ಆರು ವರ್ಷದವನಿದ್ದಾಗ ಜ್ವರ ಬಂದು ನಾಲ್ಕು ದಿನದಲ್ಲಿ ಹೋಗಿಬಿಟ್ಟಿದ್ದ. ಈಗ ಕ್ಲಾಸಿಗೆ ಬರುವವಳು ಎರಡನೆಯವಳು. ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಆ ಪುಟದವರೆಗೂ ಓದಿದೆ ಅಕ್ಕಾ. ಆಮೇಲೆ ಪುಸ್ತಕಾನ ಬೀರು ಮೇಲೆ ಇಟ್ಟುಬಿಟ್ಟೆ. ಕೈಯಲ್ಲಿ ಹಿಡಿಯೋಕೆ ಆಗ್ಲಿಲ್ಲ" ಅಂದರು.

ನಾನು ಕ್ಷಮೆ ಕೇಳಿದೆ. ಅವರು ಬೇಡ ಅಂದರು. "ನೀವು ತಪ್ಪು ಪುಸ್ತಕ ಆರಿಸಲಿಲ್ಲ. ನಂಗೆ ಬೇಡ ಅಂತ ಹೇಳೋಕೆ ಜಾಗ ಇರಲಿಲ್ಲ ಅಷ್ಟೇ. ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರಿ, ಅಲ್ವಾ?"

ಹೌದು, ಕೇಳುತ್ತಿದ್ದೆವು. ಆ ತಿಂಗಳು ಒಂದು ನಿಯಮ ಮಾಡಿದೆವು. ಯಾವ ಪುಸ್ತಕಕ್ಕಾದರೂ, ಯಾರಾದರೂ "ಈಗ ಬೇಡ" ಅನ್ನಬಹುದು. ಎರಡೇ ಪದ. ಕಾರಣ ಹೇಳುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಪುಸ್ತಕ ಆ ತಿಂಗಳಿಗೆ ಹಿಂದಕ್ಕೆ ಹೋಗುತ್ತದೆ. ಅವರು ಮರುತಿಂಗಳಿನಿಂದ ಮತ್ತೆ ಬಂದರು. ‘ಗೃಹಭಂಗ’ದ ಒಂದು ಪ್ರತಿ ನಮ್ಮ ಪೆಟ್ಟಿಗೆಯಲ್ಲಿ ಉಳಿಯಿತು.

ಇದಾದ ಮೇಲೆ ನಾವು ತುಂಬಾ ಜೋಪಾನವಾದೆವು. ಅತಿಯಾಗಿ ಜೋಪಾನವಾದೆವು ಅಂತ ಈಗ ಅನ್ನಿಸುತ್ತದೆ. ಮಗು ಸಾಯುವ ಕತೆ ಬೇಡ, ಗಂಡ ಬಿಡುವ ಕತೆ ಬೇಡ, ಕಾಯಿಲೆ ಬೇಡ. ಯಾರೂ "ಈಗ ಬೇಡ" ಅನ್ನುವ ಮುಂಚೆಯೇ ನಾವೇ ಅವರ ಪರವಾಗಿ ಬೇಡ ಅಂದುಕೊಳ್ಳುತ್ತಿದ್ದೆವು. ವೋಟಿನಲ್ಲಿ ಗೆಲ್ಲುತ್ತಿದ್ದದ್ದು ಯಾರಿಗೂ ನೋವಾಗದ, ಹೆಚ್ಚಿನವರಿಗೆ ಆಗಲೇ ಹೆಸರು ಗೊತ್ತಿರುವ ಪುಸ್ತಕಗಳು. ಒಳ್ಳೆಯ ಪುಸ್ತಕಗಳೇ. ಆದರೆ ಸೇರಿದಾಗ ಮಾತು ಬೇಗ ಮುಗಿಯುತ್ತಿತ್ತು.

2025ರ ಜನವರಿಯಲ್ಲಿ ಹೊಸಬರೊಬ್ಬರು ಸೇರಿದರು. ನಮ್ಮೆಲ್ಲರಿಗಿಂತ ಚಿಕ್ಕವರು. ಏಳು ತಿಂಗಳ ಕೂಸು ಕಂಕುಳಲ್ಲಿ. ಬಂದು ಗೋಡೆ ಪಕ್ಕ ಕೂರುತ್ತಿದ್ದರು, ಮಗು ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದರು. ಫೆಬ್ರವರಿಯ ವೋಟಿಗೆ ಅವರು ಒಂದು ಹೆಸರು ಹಾಕಿದರು. ತ್ರಿವೇಣಿಯವರ ‘ಶರಪಂಜರ’. ಅವರದೊಂದೇ ವೋಟು ಬಂತು. ಏಪ್ರಿಲ್‌ನಲ್ಲಿ ಮತ್ತೆ ಅದೇ ಹೆಸರು ಹಾಕಿದರು. ಆಗಲೂ ಒಂದೇ.

ನಾನೂ ಹಾಕಿರಲಿಲ್ಲ. ನಮ್ಮಲ್ಲಿ ಮೂರು ನಾಲ್ಕು ಜನ ಬೇರೆಯಾಗಿ ಮಾತಾಡಿಕೊಂಡಿದ್ದೆವು. "ಹಸಿ ಬಾಣಂತಿ ಕಣ್ರೀ ಅವ್ಳು. ಆ ಕತೆ ಬೇಡ." ಅವರ ಒಳ್ಳೆಯದಕ್ಕೇ ಅಂತ ನಿಜವಾಗಿ ನಂಬಿದ್ದೆವು.

ವೋಟು ಬಿಟ್ಟಿದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಆ ಮೇ 20ರಂದು ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಪುಸ್ತಕಕ್ಕೆ. ಅವರ ಹಾಸನ ನಮಗೆ ಪಕ್ಕದ ಊರು. ಬೆಳಿಗ್ಗೆ ಗುಂಪಿನಲ್ಲಿ ಸಂಭ್ರಮವೋ ಸಂಭ್ರಮ. ಮುಂದಿನ ತಿಂಗಳಿಗೆ ಅವರ ಕತೆಗಳೇ ಆಗಬೇಕು ಅಂತ ಒಂಬತ್ತು ವೋಟು ಬಿತ್ತು. ವೋಟು ಹಾಕದವರು ಇಬ್ಬರು. ಒಬ್ಬರು ಊರಲ್ಲಿರಲಿಲ್ಲ. ಇನ್ನೊಬ್ಬರು ನಮ್ಮ ಗುಂಪಿನಲ್ಲಿರುವ ಒಬ್ಬರೇ ಮುಸ್ಲಿಂ ಗೆಳತಿ.

"ನಿಮ್ಗೆ ಇಷ್ಟ ಇಲ್ವಾ?" ಅಂತ ಕೇಳಿದೆ.

"ಇಷ್ಟ ಇದೆ. ಎಲ್ಲಾ ಕತೆ ಓದಿದ್ದೀನಿ. ಆದ್ರೆ ಆ ದಿನ ಎಲ್ರೂ ನನ್ನ ಮುಖ ನೋಡ್ತೀರಿ. ನಿಮ್ಮಲ್ಲಿ ಹೀಗೇನಾ ಅಂತ ಕೇಳ್ತೀರಿ. ನಾನು ಅಮ್ಮ ಅಂತ ಬಂದಿರೋದು ಇಲ್ಲಿಗೆ, ಉತ್ತರ ಕೊಡೋಕೆ ಅಲ್ಲ."

ಅವರು ಹೇಳಿದ್ದು ಸರಿ ಇತ್ತು. ಒಂಬತ್ತು ವೋಟು ಬಿದ್ದ ಪುಸ್ತಕದ ಎದುರು ಈ ಮಾತನ್ನು ಗುಂಪಿನಲ್ಲಿ ಹೇಳಲು ಯಾರಿಗೆ ತಾನೇ ಧೈರ್ಯ ಬರುತ್ತದೆ? ಜೂನ್ ಎರಡನೇ ಶನಿವಾರ ಸೇರಿದಾಗ ವೋಟು ನಿಲ್ಲಿಸಿದೆವು. ಚೀಟಿ ಎತ್ತಿದೆವು. ಬೇಸಿಗೆಯ ದೊಡ್ಡ ಪುಸ್ತಕ ಒಂದು ಬಿಟ್ಟು, ಪ್ರತಿ ತಿಂಗಳೂ ಒಬ್ಬೊಬ್ಬರ ಸರದಿ. ಸರದಿಯವರು ಮೂರು ಪುಸ್ತಕ ತರಬೇಕು. ಮೂರನ್ನೂ ಪೂರ್ತಿ ಓದಿರಬೇಕು, ಯಾರೋ ಚೆನ್ನಾಗಿದೆ ಅಂದರು ಅಂತ ತರುವ ಹಾಗಿಲ್ಲ. ಮೂರರ ಮೊದಲ ಪುಟ ಗಟ್ಟಿಯಾಗಿ ಓದಬೇಕು. ನಾವು ಕೇಳುತ್ತೇವೆ. "ಈಗ ಬೇಡ" ಅನ್ನುವ ಹಕ್ಕು ಎಲ್ಲರಿಗೂ ಇದೆ. ಅದು ಬಿಟ್ಟರೆ ಕೊನೆಯ ಮಾತು ಸರದಿಯವರದು.

ಮೂರು ಪುಟ ಕೇಳುವ ಆ ಅರ್ಧ ಗಂಟೆ ನನಗೆ ಈಗ ತಿಂಗಳಿನ ಅತಿ ಇಷ್ಟದ ಹೊತ್ತು. ಕುಂದಾಪುರದ ಕಡೆಯವರ ಸರದಿ ಬಂದಾಗ ಅವರು ವೈದೇಹಿಯವರ ‘ಕ್ರೌಂಚ ಪಕ್ಷಿಗಳು’ ತಂದಿದ್ದರು. 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಥಾಸಂಕಲನ. ಅದನ್ನು ನಾನು ಮುಂಚೆ ಓದಿದ್ದೆ. ಆದರೆ ಆ ಮಾತುಗಳು ಹೇಗೆ ಏಳುತ್ತವೆ, ಎಲ್ಲಿ ಎಳೆಯುತ್ತವೆ ಅಂತ ಅವರ ಬಾಯಲ್ಲಿ ಕೇಳಿದ ಮೇಲೇ ಗೊತ್ತಾಯಿತು. ಇಡೀ ಸಂಜೆ ಅವರೇ ಓದಿದರು. ಮನೆಯಲ್ಲಿ ಬೈದರೂ ಮೈಸೂರು ಕನ್ನಡದಲ್ಲೇ ಬೈಯುವಷ್ಟು ಬದಲಾಗಿದ್ದೀನಿ ಅನ್ನುತ್ತಿದ್ದವರು, ಆವತ್ತು ಮಗಳಿಗೆ ಫೋನ್ ಮಾಡಿ ತಮ್ಮೂರ ಭಾಷೆಯಲ್ಲೇ ಮಾತಾಡಿದರು.

ಮುಸ್ಲಿಂ ಗೆಳತಿಯ ಸರದಿ ಜುಲೈಗೆ ಬಂತು. ಅವರು ಆರಿಸಿದ್ದು ತೇಜಸ್ವಿಯವರ ‘ಪರಿಸರದ ಕತೆ’. ಅವರ ಮಗನಿಗೆ ಹಕ್ಕಿ ಹುಚ್ಚು, ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಭಾನುವಾರ ಬೆಳಿಗ್ಗೆ ಇಬ್ಬರೂ ಇರುತ್ತಾರೆ. ಆ ತಿಂಗಳು ನಾವು ಮಕ್ಕಳನ್ನೂ ಕರೆದುಕೊಂಡು ಕೆರೆಗೆ ಹೋದೆವು. ಹತ್ತು ವರ್ಷದ ಆ ಹುಡುಗ ಮುಂದೆ ನಡೆದು ಒಂದೊಂದೇ ಹಕ್ಕಿ ತೋರಿಸಿದ. ಆಗಸ್ಟಿನಲ್ಲಿ ಬೇರೊಬ್ಬರ ಸರದಿಗೆ ಬಾನು ಮುಷ್ತಾಕರ ಕತೆಗಳು ಬಂದವು. "ಈಗ ಬೇಡ" ಅನ್ನಲು ಆಕೆಗೆ ಹಕ್ಕಿತ್ತು. ಅನ್ನಲಿಲ್ಲ. ‘ಎದೆಯ ಹಣತೆ’ ಕತೆಯಲ್ಲಿ ಮೆಹರುನ್ ತವರಿಗೆ ಬಂದು, ಅಣ್ಣಂದಿರು ಮತ್ತೆ ಗಂಡನ ಮನೆಗೇ ಬಿಟ್ಟು ಬರುತ್ತಾರಲ್ಲ, ಅದರ ಬಗ್ಗೆ ಮೊದಲು ಮಾತಾಡಿದ್ದು ಮೇಡಂ. "ನನ್ನನ್ನೂ ಹೀಗೇ ವಾಪಸ್ ಬಿಟ್ಟು ಬಂದಿದ್ರು, 2009ರಲ್ಲಿ" ಅಂದರು. ಇಷ್ಟು ವರ್ಷ ನಮ್ಮ ಜೊತೆ ಇದ್ದು ಒಂದು ಸಲವೂ ಹೇಳಿರಲಿಲ್ಲ. ಆಮೇಲೆ ಯಾರೂ ಯಾರ ಮುಖವನ್ನೂ ಉತ್ತರಕ್ಕಾಗಿ ನೋಡಲಿಲ್ಲ. ಆ ಕತೆಯ ಕೊನೆಗೆ ತಾಯಿಯನ್ನು ತಡೆದು ನಿಲ್ಲಿಸುವ ದೊಡ್ಡ ಮಗಳು ಸಲ್ಮಾ ಬಗ್ಗೆಯೇ ಒಂದು ಗಂಟೆ ಮಾತು ನಡೆಯಿತು. ನಮ್ಮ ನಮ್ಮ ದೊಡ್ಡ ಮಕ್ಕಳ ಮೇಲೆ ನಾವು ಏನೇನು ಹೊರಿಸಿದ್ದೇವೆ ಅನ್ನುವ ಮಾತು.

ಸೆಪ್ಟೆಂಬರಿನಲ್ಲಿ ಅದೇ ಬಾನು ಮುಷ್ತಾಕ್ ನಮ್ಮೂರಿಗೆ ದಸರಾ ಉದ್ಘಾಟನೆಗೆ ಬಂದರು, 22ನೇ ತಾರೀಕು. ಎರಡೇ ದಿನಕ್ಕೆ, 24ರಂದು ಭೈರಪ್ಪನವರು ತೀರಿಕೊಂಡ ಸುದ್ದಿ ಬಂತು. ಇಷ್ಟು ವರ್ಷ ನಮ್ಮ ಊರಿನಲ್ಲೇ, ನಮ್ಮ ಬಡಾವಣೆಯಲ್ಲೇ ಇದ್ದವರು. ಗುಂಪಿನಲ್ಲಿ ಒಬ್ಬೊಬ್ಬರೂ ತಾವು ಓದಿದ ಮೊದಲ ಭೈರಪ್ಪ ಯಾವುದು ಅಂತ ಬರೆದರು. ರಾತ್ರಿ ಹತ್ತರ ಮೇಲೆ ನನಗೊಂದು ಮೆಸೇಜು ಬಂತು, ಗುಂಪಿಗಲ್ಲ, ನನಗೊಬ್ಬಳಿಗೇ. "ಪೆಟ್ಟಿಗೇಲಿರೋ ಗೃಹಭಂಗ ನಾಳೆ ತಗೊಂಡು ಹೋಗ್ಲಾ ಅಕ್ಕಾ?"

ಬೀರು ಮೇಲಿಟ್ಟು ನಿಲ್ಲಿಸಿದ್ದವರು. ಬೆಳಿಗ್ಗೆ ನಾನೇ ಹೋಗಿ ಕೊಟ್ಟು ಬಂದೆ. ಹೇಗಿತ್ತು ಅಂತ ನಾನು ಕೇಳಿಲ್ಲ. ಪುಸ್ತಕ ಇನ್ನೂ ಅವರ ಹತ್ತಿರವೇ ಇದೆ.

ನವೆಂಬರಿನ ಚೀಟಿ ಚಿಕ್ಕವರದ್ದಾಗಿತ್ತು. ಮಗುವಿಗೆ ಆಗ ಒಂದೂವರೆ ವರ್ಷ, ನಮ್ಮ ಮಧ್ಯೆ ಓಡಾಡುತ್ತಿತ್ತು. ಮೂರು ಪುಸ್ತಕ ತಂದಿದ್ದರು. ಎರಡರ ಮೊದಲ ಪುಟ ಸಲೀಸಾಗಿ ಓದಿದರು. ಮೂರನೆಯದು ‘ಶರಪಂಜರ’. ಓದಿ ಮುಗಿಸಿ, ಪುಸ್ತಕ ಮಡಿಲಲ್ಲಿಟ್ಟುಕೊಂಡು, "ಇದು. ಯಾರಿಗಾದ್ರೂ ಈಗ ಬೇಡ ಅನ್ನಿಸಿದ್ರೆ ಹೇಳಿ" ಅಂದರು. ಯಾರೂ ಹೇಳಲಿಲ್ಲ.

‘ಶರಪಂಜರ’ದ ಕಾವೇರಿಯನ್ನು ನಮ್ಮಲ್ಲಿ ಬಹಳ ಜನ ಪುಟ್ಟಣ್ಣ ಕಣಗಾಲ್ ಸಿನಿಮಾದಲ್ಲಿ ನಟಿ ಕಲ್ಪನಾ ರೂಪದಲ್ಲೇ ನೋಡಿದವರು. ಹೆರಿಗೆಯ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಗೆ ಹೋಗಿ, ಗುಣವಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರೂ ನೆರೆಯವರೂ ಗುಣವಾದವಳು ಅಂತ ನೋಡುವುದೇ ಇಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಸಿನಿಮಾ ಬಂದಿದ್ದು 1971ರಲ್ಲಿ. ತ್ರಿವೇಣಿ ಅದನ್ನು ನೋಡಲು ಇರಲಿಲ್ಲ. ಇದೇ ಮೈಸೂರಿನವರು, ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಆಗ ಅವರಿಗೆ 34.

ಡಿಸೆಂಬರಿನ ಎರಡನೇ ಶನಿವಾರ ಹನ್ನೊಂದು ಜನವೂ ಬಂದಿದ್ದರು. ಚಿಕ್ಕವರೇ ಶುರು ಮಾಡಿದರು. ತಮಗೆ ಹೆರಿಗೆಯಾದ ಮೂರನೇ ವಾರದಿಂದ ನಿದ್ದೆ ಹೋಯಿತು. ಮಗು ಅತ್ತರೆ ಎತ್ತಿಕೊಳ್ಳಲು ಭಯ, ಎತ್ತಿಕೊಂಡರೆ ಬೀಳಿಸುತ್ತೇನೆ ಅನ್ನುವ ಭಯ. ಯಾರೋ ಕಿವಿಯಲ್ಲಿ ಮಾತಾಡಿದ ಹಾಗೆ. ಅಜ್ಜಿ "ಬಾಣಂತಿ ಸನ್ನಿ" ಅಂದರು. ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಕೊನೆಗೆ ಅವರ ತಮ್ಮ ಹಟ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಔಷಧಿ, ನಿದ್ದೆ, ನಾಲ್ಕು ತಿಂಗಳು. ಸರಿಹೋಯಿತು.

"ಸರಿಹೋಗಿ ಒಂದು ವರ್ಷ ಆಯ್ತು. ಇವತ್ತಿಗೂ ನಾನು ಮಗೂನ ಸ್ನಾನಕ್ಕೆ ಕರ್ಕೊಂಡು ಹೋದ್ರೆ ಅತ್ತೆ ಬಾಗಿಲಲ್ಲಿ ನಿಂತಿರ್ತಾರೆ" ಅಂದರು. "ಆಗ ಈ ಪುಸ್ತಕ ಓದಿದೆ. ನನ್ನ ವಿಷಯ ಯಾರೋ ಮೊದಲೇ ಬರೆದಿಟ್ಟಿದಾರೆ ಅನ್ನಿಸ್ತು. ಫೆಬ್ರವರೀಲಿ ಹೆಸರು ಹಾಕಿದ್ದು ಅದಕ್ಕೇ. ನೀವೆಲ್ಲ ಓದ್ಲಿ ಅಂತ. ನಾನು ಬಾಯಲ್ಲಿ ಹೇಳೋದು ತಪ್ಪುತ್ತೆ ಅಂತ."

ನಾವು ಅವರನ್ನು ಕಾಪಾಡುತ್ತಿದ್ದೇವೆ ಅಂದುಕೊಂಡು ಹತ್ತು ತಿಂಗಳು ಅವರ ಬಾಯಿ ಮುಚ್ಚಿಸಿದ್ದೆವು. ಬಾಗಿಲಲ್ಲಿ ನಿಂತಿದ್ದು ಅವರ ಅತ್ತೆ ಒಬ್ಬರೇ ಅಲ್ಲ. ಅದನ್ನು ನಾನು ಅಲ್ಲೇ, ಎಲ್ಲರ ಎದುರಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

ನಮ್ಮಲ್ಲೊಬ್ಬರು ನರ್ಸ್. ಹೆರಿಗೆಯ ನಂತರ ಕೆಲವರಿಗೆ ಹೀಗಾಗುವುದು ಕಾಯಿಲೆ, ತಪ್ಪಲ್ಲ, ಬೇಗ ತೋರಿಸಿದರೆ ಚೆನ್ನಾಗಿ ಗುಣವಾಗುತ್ತದೆ ಅಂತ ಅವರು ಬಿಡಿಸಿ ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಬೇರೆ ಮಾಡದೆ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್ ಅನ್ನುವ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ನಂಬರನ್ನು ನಾಲ್ಕೂ ಪ್ರತಿಗಳ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದೆವು. ಈ ಸಲ ಯಾವ ಪ್ರತಿಯನ್ನೂ ಅರ್ಧ ಬೆಲೆಗೆ ಮಾರಲಿಲ್ಲ. ಒಂದು ಪೆಟ್ಟಿಗೆಗೆ. ಒಂದನ್ನು ನರ್ಸ್ ತಮ್ಮ ವಾರ್ಡಿಗೆ ತೆಗೆದುಕೊಂಡು ಹೋದರು. ಒಂದನ್ನು ಮೇಡಂ, ಗರ್ಭಿಣಿಯಾಗಿರುವ ತಮ್ಮ ಸಹೋದ್ಯೋಗಿಗೆ ಕೊಟ್ಟರು. ನಾಲ್ಕನೆಯದನ್ನು ಚಿಕ್ಕವರು ಮನೆಗೆ ಒಯ್ದರು. ಅತ್ತೆಗೆ ಓದುವ ಅಭ್ಯಾಸ ಇದೆಯಂತೆ, ವಾರಪತ್ರಿಕೆಯ ಧಾರಾವಾಹಿ ತಪ್ಪಿಸುವುದಿಲ್ಲವಂತೆ. ಟೀಪಾಯಿ ಮೇಲೆ ಇಟ್ಟಿದ್ದಾರೆ. ಹೋದ ವಾರ ಪುಸ್ತಕದ ಮಧ್ಯೆ ಕನ್ನಡಕದ ಚೀಲ ಇತ್ತು ಅಂತ ಹೇಳಿದರು.

ಮುಂದಿನ ಸರದಿ ನನ್ನದು. ದೇವನೂರ ಮಹಾದೇವರ ‘ಒಡಲಾಳ’ ಎತ್ತಿಟ್ಟಿದ್ದೇನೆ. ಕಳೆದ ಹುಂಜಕ್ಕಾಗಿ ಊರೆಲ್ಲ ಹುಡುಕುವ ಸಾಕವ್ವನನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೇನೆ, ಆ ಭಾಷೆ ಬಾಯಿಗೆ ಸರಿಯಾಗಿ ಬರಬೇಕು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಎರಡನೆಯದು. ಮೂರನೆಯದಕ್ಕೆ ಅನುಪಮಾ ನಿರಂಜನ ಅವರ ಆತ್ಮಕಥೆ 'ನೆನಪು: ಸಿಹಿ–ಕಹಿ' ಲೈಬ್ರರಿಯಿಂದ ತಂದಿದ್ದೇನೆ. ಅವರ ‘ತಾಯಿ ಮಗು’ ನನಗೆ ಅಮ್ಮ ಸೀಮಂತದ ದಿನ ಕೊಟ್ಟಿದ್ದರು, ಆ ಕೈಯ ಬರಹ ಅಂತ ಆಸೆ. ಇನ್ನೂ ಅರ್ಧ ಉಳಿದಿದೆ. ಎರಡನೇ ಶನಿವಾರಕ್ಕೆ ಆರು ದಿನ. ದಿನಾ 20 ಪುಟ ಸಾಲದು, ಈ ವಾರ ಬೆಳಿಗ್ಗೆಯೂ ಏಳಬೇಕು.